ಅಳಿವೆಯಲ್ಲಿ ಮಾತಾಡಬಾರದು

ಸೋಮ ನಾಪಾಸಾಗಿ ಊರಿಗೆ ಬಂದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾಪಾಸಾದದ್ದಕ್ಕಲ್ಲ. ಪರೀಕ್ಷೆ ಎಂದ ಮೇಲೆ ನಾಪಾಸಾಗುವವರು ಇದ್ದೇ ಇರುತ್ತಾರೆ, ನಾನೇ ಮೆಟ್ರಿಕ್ಕಿನ ಗಣಿತಕ್ಕೆ ಎರಡು ಸಲ ಕೂತವಳು. ಸಿಟ್ಟು ಬಂದದ್ದು ಅವನು ಫಲಿತಾಂಶದ ಕಾಗದವನ್ನು ನನ್ನ ಕೈಗಿಟ್ಟು, ಚಪ್ಪಲಿ ಬಿಚ್ಚಿ, ಕಾಲು ತೊಳೆದು, ಇವತ್ತು ಎಂತ ಸಾರು ಎಂದು ಕೇಳಿದ್ದಕ್ಕೆ.

ಇದು ೧೯೮೦ನೇ ಇಸವಿಯ ಮಾತು, ದೀಪಾವಳಿ ಕಳೆದ ವಾರ. ನನ್ನ ತಮ್ಮ ಸೋಮ ಮುಂಬಯಿಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪೈಲಟ್ ಕೆಲಸ ಕಲಿಯುತ್ತಿದ್ದ. ಹೊನ್ನಾವರದ ಎದುರು ದಡದ ಕಾಸರಕೋಡು ಟೊಂಕವೆಂಬ ನಮ್ಮ ಊರಿನಿಂದ, ಮೀನು ಹಿಡಿಯುವವರ ಮನೆಯಿಂದ, ಒಬ್ಬ ವಿಮಾನ ಹಾರಿಸಲು ಹೋಗಿದ್ದಾನೆ ಎಂದು ನಮ್ಮ ನೆಂಟರು ಭಟ್ಕಳದಿಂದ ಕುಮಟೆಯವರೆಗೆ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಹಾರಿಸುವ ಲೈಸೆನ್ಸ್ ಅವನಿಗೆ ಆಗಲೇ ಸಿಕ್ಕಿತ್ತು. ಆದರೆ ಅದು ಕಣ್ಣಿಗೆ ಎಲ್ಲ ಕಾಣುವಾಗ ಹಾರಿಸುವ ಲೈಸೆನ್ಸ್. ಮೋಡದಲ್ಲಿ, ಮಳೆಯಲ್ಲಿ, ಏನೂ ಕಾಣದಾಗ ಎದುರಿನ ಮೀಟರುಗಳ ಮುಳ್ಳುಗಳನ್ನಷ್ಟೇ ನೋಡಿ ವಿಮಾನವನ್ನು ನೆಲಕ್ಕೆ ತರುವುದಕ್ಕೆ ಬೇರೆ ಪರೀಕ್ಷೆ ಇತ್ತು. ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದು ಅದರ ಹೆಸರು. ಅದಿಲ್ಲದವನನ್ನು ಯಾವ ಕಂಪನಿಯೂ ಬಾಗಿಲೊಳಗೆ ಬಿಡುವುದಿಲ್ಲ. ಅವನಿಗೆ ವಿದ್ಯಾರ್ಥಿವೇತನ ಕೊಟ್ಟವರು ಆ ಪರೀಕ್ಷೆಗೆ ಎರಡೇ ಅವಕಾಶ ಎಂದು ಮೊದಲೇ ಬರೆಸಿಕೊಂಡಿದ್ದರು. ಒಂದು ಹೋಗಿತ್ತು. ಎರಡನೆಯದಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು. ಕ್ಲಬ್ಬಿನ ವಿಮಾನದ ಇಂಜಿನ್ ಬಿಚ್ಚಿಟ್ಟಿದ್ದರಿಂದ ಅದರಲ್ಲಿ ಹನ್ನೆರಡು ದಿನ ಅವನು ಮನೆಯಲ್ಲೇ ಕಳೆಯಬೇಕಾಗಿತ್ತು.

ಪರೀಕ್ಷಕರು ಕಾಗದದಲ್ಲಿ ಹೆಚ್ಚೇನೂ ಬರೆದಿರಲಿಲ್ಲ. ಅಭ್ಯರ್ಥಿಯ ಕೈ ಚೆನ್ನಾಗಿದೆ. ಎತ್ತರ, ದಿಕ್ಕು, ವೇಗ ಮೂರೂ ಹಿಡಿತದಲ್ಲಿವೆ. ಆದರೆ ಇಳಿಯುವ ಕೊನೆಯ ಹಂತದಲ್ಲಿ ಟವರಿನಿಂದ ಮೂರು ಸಲ ಕರೆದರೂ ಉತ್ತರ ಕೊಡಲಿಲ್ಲ, ತಾನು ಎಲ್ಲಿದ್ದೇನೆಂದು ಒಮ್ಮೆಯೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಎರಡು ಬಗೆಯ ಅಪ್ರೋಚ್ ಇದ್ದವು, ಅಂದರೆ ರನ್‌ವೇಗೆ ಇಳಿದು ಬರುವ ಎರಡು ಕ್ರಮಗಳು. ಎರಡರಲ್ಲೂ ಇದೇ ಆಗಿತ್ತು.

ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ನಾನು ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಮಾತಾಡಿಯೇ ನನ್ನ ಸಂಬಳ. ಯಾರೋ ಗೋಡಂಬಿ ವ್ಯಾಪಾರಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಸಿಗಲಿಲ್ಲವೆಂದು ನನ್ನ ಮೇಲೆ ಹರಿಹಾಯ್ದರೂ ನಾನು ನಂಬರನ್ನು ಒಂದೊಂದೇ ಅಂಕಿ ತಿರುಗಿ ಹೇಳಿ, ದಯವಿಟ್ಟು ಲೈನಿನಲ್ಲಿರಿ ಎನ್ನಬೇಕು. ಅಲ್ಲಿ ನುಂಗಿದ್ದನ್ನೆಲ್ಲ ಮನೆಗೆ ಬಂದು ಕಾರುತ್ತೇನೆಂದು ಟೊಂಕದಲ್ಲಿ ನನಗೆ ಹೆಸರೇ ಇತ್ತು. ನನ್ನ ಒಡಹುಟ್ಟಿದವನು ಮಾತಾಡದೆ ನಾಪಾಸಾಗುವುದೇ?

ನಾನು ಆಪರೇಟರ್ ಆದದ್ದು ಎಕ್ಸ್‌ಚೇಂಜಿಗೆ ಸೇರಿದ ಮೇಲಲ್ಲ, ಐದನೇ ವಯಸ್ಸಿನಲ್ಲಿ. ನಮ್ಮ ಮನೆಯಲ್ಲಿ ಅಪ್ಪ ಜಟ್ಟ, ದೊಡ್ಡಮ್ಮ ದೇವಿ, ನಾನು, ಸೋಮ, ಇಷ್ಟೇ ಜನ. ಅಮ್ಮ ಸೋಮನಿಗೆ ಮೂರು ವರ್ಷವಿರುವಾಗ ಜ್ವರದಲ್ಲಿ ಹೋದಳು, ನಮ್ಮಿಬ್ಬರನ್ನು ಸಾಕಿದ್ದು ದೊಡ್ಡಮ್ಮ. ಅವಳು ಅಪ್ಪನ ಅಣ್ಣ ದಾಸನ ಹೆಂಡತಿ. ದಾಸ ದೊಡ್ಡಪ್ಪ ಅದಕ್ಕೂ ಮೊದಲೇ, ಆಗ್ಗೆ ಇಪ್ಪತ್ತೆರಡು ವರ್ಷದ ಹಿಂದೆ, ದೋಣಿ ಮಗುಚಿ ಸತ್ತಿದ್ದ. ಅಂದಿನಿಂದ ದೊಡ್ಡಮ್ಮ ಅಪ್ಪನ ಹತ್ತಿರ ಒಂದೇ ಒಂದು ಮಾತಾಡಿರಲಿಲ್ಲ. ಅನ್ನ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸಿಡುತ್ತಿದ್ದಳು, ಮಾತು ಮಾತ್ರ ಇಲ್ಲ. ಗಂಗೆ, ನಿನ್ನಪ್ಪಂಗೆ ಊಟಕ್ಕೆ ಬಾ ಅನ್ನು. ಗಂಗೆ, ದೊಡ್ಡಮ್ಮಂಗೆ ಬಲೆ ನೂಲು ಎಲ್ಲಿಟ್ಟದ್ದು ಕೇಳು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು ನನ್ನ ಮೂಲಕ ಮಾತಾಡುತ್ತಿದ್ದರು. ಇಷ್ಟು ವರ್ಷ ಆ ಲೈನ್ ಜೋಡಿಸಿದ್ದಕ್ಕೆ ನನಗೆ ಯಾರೂ ಸಂಬಳ ಕೊಡಲಿಲ್ಲ.

ಮರುದಿನದಿಂದಲೇ ನಾನು ಸೋಮನನ್ನು ಅಂಗಳಕ್ಕೆ ಇಳಿಸಿದೆ. ಅಪ್ರೋಚ್ ಎಂದರೇನೆಂದು ಮೊದಲು ನನಗೆ ಹೇಳಿಕೊಡು ಎಂದೆ. ನೆಲದ ಮೇಲೆ ಒಂದು ಕಡೆ ರೇಡಿಯೋ ಕಂಬ ಇರುತ್ತದೆ, ಅದು ಬೀಕನ್. ವಿಮಾನದೊಳಗಿನ ಒಂದು ಮುಳ್ಳು ಸದಾ ಅದರ ಕಡೆಗೇ ತಿರುಗಿರುತ್ತದೆ. ಪೈಲಟ್ ಆ ಬೀಕನ್ ಮೇಲೆ ಬಂದು, ಅಲ್ಲಿಂದ ಲೆಕ್ಕವಿಟ್ಟು ಎರಡು ನಿಮಿಷ ದೂರ ಹೋಗಿ, ತಿರುಗಿ, ಮತ್ತೆ ಬೀಕನ್ ಕಡೆಗೆ ಮುಖಮಾಡಿ ಇಳಿಯುತ್ತ ಬರಬೇಕು. ಇಷ್ಟು ಎತ್ತರಕ್ಕಿಂತ ಕೆಳಗಿಲ್ಲ ಎಂದು ಒಂದು ಗೆರೆ ಇದೆ. ಅಲ್ಲಿಗೆ ಬಂದರೂ ರನ್‌ವೇ ಕಾಣದಿದ್ದರೆ ಇಳಿಯಬಾರದು, ಮೂಗು ಎತ್ತಿ ಮೇಲೇರಬೇಕು. ಒಂದೊಂದು ಜಾಗಕ್ಕೆ ಬಂದಾಗಲೂ ಬಂದೆ ಎಂದು ಟವರಿಗೆ ಹೇಳಬೇಕು, ಟವರಿನವರು ಹೇಳಿದ್ದನ್ನು ತಿರುಗಿ ಹೇಳಬೇಕು. ಇಷ್ಟೆಲ್ಲ ಮಾಡುವಾಗ ಹೊರಗಿನದು ಕಾಣಬಾರದೆಂದು ತಲೆಗೆ ಒಂದು ಕರಿ ರಟ್ಟಿನ ಟೋಪಿ ಹಾಕುತ್ತಾರೆ. ಸೋಮ ಅದನ್ನು ಪೆಟ್ಟಿಗೆಯಲ್ಲಿ ಮಡಚಿ ತಂದಿದ್ದ. ಹಾಕಿಕೊಂಡರೆ ತನ್ನ ಎದೆಯ ಮುಂದಿನ ಒಂದು ಮೊಳ ಜಾಗ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಂಗಳದ ಒರಳುಕಲ್ಲನ್ನು ಬೀಕನ್ ಮಾಡಿದೆವು. ಮೀನು ಒಣಗಿಸುವ ಚಾಪೆ ರನ್‌ವೇ. ಸೋಮ ಟೋಪಿ ಹಾಕಿಕೊಂಡು, ಒಂದು ಕೈಯಲ್ಲಿ ಗಡಿಯಾರ ಇನ್ನೊಂದರಲ್ಲಿ ದೋಣಿಯ ದಿಕ್ಸೂಚಿ ಹಿಡಿದು ಒರಳಿನ ಮೇಲಿಂದ ಹೊರಡುವುದು, ತೆಂಗಿನ ಮರದವರೆಗೆ ಹೋಗಿ ತಿರುಗುವುದು, ಬಗ್ಗುತ್ತ ಬಗ್ಗುತ್ತ ಚಾಪೆಯ ಕಡೆ ಬರುವುದು. ನಾನು ಜಗಲಿಯಲ್ಲಿ ಕೂತು ಟವರ್. ಹೇಳಬೇಕಾದ ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಅವನು ತಪ್ಪಿದರೆ ಮೊದಲಿಂದ ಮಾಡಿಸುತ್ತಿದ್ದೆ, ತಡವರಿಸಿದರೂ ಮೊದಲಿಂದ. ಪಕ್ಕದ ಮನೆಯ ಲಕ್ಕಿ ಬೇಲಿಯಾಚೆಯಿಂದ ಎರಡು ದಿನ ನೋಡಿ, ಇದು ಇಡಗುಂಜಿ ದೇವರಿಗೆ ಹೇಳಿಕೊಂಡ ಯಾವ ನಮೂನೆಯ ಪ್ರದಕ್ಷಿಣೆ ಎಂದು ವಿಚಾರಿಸಿದಳು.

ನಾಲ್ಕು ದಿನ ಹೀಗೆ ಹೋಯಿತು. ಒಂದು ಮಾತೂ ತಪ್ಪಲಿಲ್ಲ ಅವನು. ನನಗೆ ಸಮಾಧಾನವಾಗತೊಡಗಿತ್ತು. ಐದನೇ ಬೆಳಿಗ್ಗೆ ಟೋಪಿ ತೆಗೆದು ಒರಳಿನ ಮೇಲೆ ಕೂತು ಅವನು ಹೇಳಿದ:

"ಅಕ್ಕ, ಇಲ್ಲಿ ಬಾಯಿ ಬರ್ತದೆ. ಅಲ್ಲಿ ಬರೂದಿಲ್ಲ."

ಇದನ್ನು ನಾಲ್ಕು ದಿನ ಮೊದಲೇ ಹೇಳಲು ಎಂತ ಆಗಿತ್ತು ನಿನಗೆ ಎಂದು ನಾನು ಎದ್ದು ನಿಂತೆ. ಅವನು ನೆಲ ನೋಡುತ್ತ ಬಿಡಿಸಿ ಹೇಳಿದ. ತಿರುಗಿ ಬೀಕನ್ ಕಡೆ ಮುಖಮಾಡುವವರೆಗೆ ಎಲ್ಲ ಸರಿಯಿರುತ್ತದೆ. ಆಮೇಲೆ ಇಂಜಿನ್ನಿನ ಸದ್ದು ತಗ್ಗಿಸಿ ಮೂಗು ಬಗ್ಗಿಸಿದಾಗ ಹೊಟ್ಟೆಯೊಳಗೆ ಖಾಲಿಯಾದಂತಾಗುತ್ತದೆ. ಅಳಿವೆಯ ಮೊದಲ ತೆರೆ ದೋಣಿಯನ್ನು ಎತ್ತಿ ಬಿಟ್ಟಾಗ ಆಗುವುದೂ ಅದೇ. ಆಗ ಗದ್ದ ಹಿಡಿದುಕೊಳ್ಳುತ್ತದೆ. ಟವರಿನವರು ಕರೆಯುವುದು ಕೇಳುತ್ತದೆ, ಉತ್ತರವೂ ಗೊತ್ತಿರುತ್ತದೆ, ಬಾಯಿ ತೆರೆಯುವುದಿಲ್ಲ.

ಆಗ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಸಿಟ್ಟು ತಮ್ಮನನ್ನು ಬಿಟ್ಟು ಅಪ್ಪನ ಕಡೆ ತಿರುಗಿತು.

ಶರಾವತಿ ಸಮುದ್ರಕ್ಕೆ ಸೇರುವ ಜಾಗವನ್ನು ನಾವು ಅಳಿವೆ ಎನ್ನುತ್ತೇವೆ. ಅಲ್ಲಿ ನೀರಿನಡಿ ಮರಳಿನ ದಿಬ್ಬವಿದೆ, ವರ್ಷವರ್ಷ ಜಾಗ ಬದಲಿಸುತ್ತದೆ. ಹೊರಗಿನಿಂದ ಬರುವ ದೋಣಿಯನ್ನು ತೆರೆ ಹಿಂದಿನಿಂದ ಎತ್ತುತ್ತದೆ, ಆಗ ಚುಕ್ಕಾಣಿ ಒಂಚೂರು ತಪ್ಪಿದರೆ ದೋಣಿ ಅಡ್ಡಬಿದ್ದು ಮಗುಚುತ್ತದೆ. ದೊಡ್ಡಪ್ಪ ಸತ್ತದ್ದು ಅಲ್ಲೇ. ದೋಣಿಯಲ್ಲಿ ಅಣ್ಣತಮ್ಮ ಇಬ್ಬರೇ ಇದ್ದರು, ದೊಡ್ಡಪ್ಪ ಚುಕ್ಕಾಣಿಯಲ್ಲಿ, ಅಪ್ಪ ಹುಟ್ಟು ಹಾಕುತ್ತಿದ್ದ. ಅಳಿವೆಯ ನಡುವೆ ಅಪ್ಪ ಏನೋ ಕೂಗಿದ, ದೊಡ್ಡಪ್ಪ ತಿರುಗಿ ನೋಡಿದ, ಅಷ್ಟರಲ್ಲಿ ತೆರೆ ಹೊಡೆಯಿತು. ಟೊಂಕದ ಮಕ್ಕಳಿಗೂ ಗೊತ್ತಿರುವ ಕಥೆ ಇದು. ಅದಾದ ಮೇಲೆ ಅಳಿವೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂಬ ಕಟ್ಟು ಬಂತು. ದಿಬ್ಬದ ಹೊರಗೆ ಮಾತು ನಿಂತರೆ ಹೊಳೆಯ ನೀರಿಗೆ ಬಂದ ಮೇಲೇ ಶುರು. ಎಲ್ಲರಿಗಿಂತ ಬಿಗಿಯಾಗಿ ಅದನ್ನು ನಡೆಸಿದವನು ಅಪ್ಪ.

ಸೋಮನಿಗೆ ಒಂಬತ್ತು ವರ್ಷವಿದ್ದಾಗ ಅಳಿವೆಯಲ್ಲಿ ತಲೆಯ ಮೇಲೆ ಹಾರಿದ ಹದ್ದನ್ನು ನೋಡಿ, ಅಪ್ಪ, ಹಕ್ಕಿ ಎಂದಿದ್ದ. ಅಪ್ಪ ಒದ್ದೆ ಹಗ್ಗದ ತುದಿಯಿಂದ ಅವನ ಬಾಯಿಗೆ ಹೊಡೆದ. ತುಟಿ ಸೀಳಿತು, ದೊಡ್ಡಮ್ಮ ವಾರಗಟ್ಟಲೆ ಗಂಜಿ ಕುಡಿಸಿದಳು. ಆಮೇಲೆ ಎಂಟು ವರ್ಷ ಸೋಮ ಅದೇ ಅಳಿವೆಯಲ್ಲಿ ದಿನಾ ಬಾಯಿ ಬಿಗಿದು ಒಳಗೆ ಬಂದ. ಅಂಥ ಬಾಯಿ ಮುಂಬಯಿಗೆ ಹೋದಮಾತ್ರಕ್ಕೆ ಹೇಗೆ ತೆರೆದೀತು?

ಒರಳುಕಲ್ಲಿನಿಂದ ಕೆಲಸವಾಗುವುದಿಲ್ಲ, ಅವನು ಅಳಿವೆಯಲ್ಲೇ ಮಾತಾಡಬೇಕು ಎಂದು ನಾನು ಆವತ್ತೇ ಅಪ್ಪನಿಗೆ ಹೇಳಿದೆ. ಅಪ್ಪ ಬಲೆ ಹೊಲಿಯುತ್ತಿದ್ದವನು ತಲೆಯೆತ್ತಲಿಲ್ಲ. ಅಳಿವೆಯಲ್ಲಿ ಮಾತಿಲ್ಲ ಎಂದ, ಅಷ್ಟೇ. ನಾನು ವಿವರಿಸಿದೆ, ಗೋಗರೆದೆ, ಕೊನೆಗೆ ಕೂಗಾಡಿದೆ. ಅಪ್ಪ ಬಲೆ ಎತ್ತಿಕೊಂಡು ಹೊರಗೆ ಹೋದ. ಬೇರೆ ಇಬ್ಬರು ದೋಣಿಯವರನ್ನು ಕೇಳಿದೆ. ಒಬ್ಬ ನಕ್ಕ, ಇನ್ನೊಬ್ಬ ಇಂಥ ಮಾತನ್ನು ನನ್ನ ದೋಣಿಯ ಹತ್ತಿರ ನಿಂತು ಆಡಬೇಡ ಎಂದ. ಸೋಮ, ಹೋಗಲಿ ಬಿಡು ಅಕ್ಕ, ಇಲ್ಲದಿದ್ದರೆ ಬಂದು ಬಲೆ ಹಿಡಿಯುತ್ತೇನೆ ಎಂದ. ಅವನ ಆ ಹೋಗಲಿ ಬಿಡು ಕೇಳಿ ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಈ ಮನೆಯಲ್ಲಿ ಒಬ್ಬಳು ಮಾತಾಡುವುದಿಲ್ಲ, ಒಬ್ಬ ಮಾತಾಡಗೊಡುವುದಿಲ್ಲ, ಒಬ್ಬನಿಗೆ ಮಾತೇ ಬರುವುದಿಲ್ಲ, ಎಲ್ಲರ ಪಾಲಿನದನ್ನೂ ನಾನೊಬ್ಬಳೇ ಆಡಿ ಸಾಯಬೇಕು ಎಂದು ಪಾತ್ರೆ ಕುಕ್ಕಿದೆ.

ಎಂಟನೇ ದಿನ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅಪ್ಪ ದೋಣಿ ನೀರಿಗಿಳಿಸುವ ಹೊತ್ತಿಗೆ ಸೋಮನ ರಟ್ಟೆ ಹಿಡಿದು ಎಳೆದುಕೊಂಡೇ ದಂಡೆಗೆ ಹೋದೆ. ಹತ್ತು ಹೆಜ್ಜೆ ಆಚೆ ದೊಡ್ಡಮ್ಮ ಕೂತು ಮರಳಿನ ಮೇಲೆ ಮೀನು ಹರವುತ್ತಿದ್ದಳು. ನಾನು ದೋಣಿಯ ಹಗ್ಗ ಹಿಡಿದು ನಿಂತೆ. ಸೋಮ ಟೋಪಿ ಹಾಕಿಕೊಂಡು ಚುಕ್ಕಾಣಿ ಹಿಡಿಯಲಿ, ನೀನು ಹುಟ್ಟು ಹಾಕು, ಅವನು ತಾನೆಲ್ಲಿದ್ದೇನೆಂದು ಹೇಳುತ್ತ ಬರಲಿ, ಇಲ್ಲದಿದ್ದರೆ ಹಗ್ಗ ಬಿಡುವುದಿಲ್ಲ ಎಂದೆ.

ಅಪ್ಪನ ಮುಖ ಕಪ್ಪಿಟ್ಟಿತು. "ಒಂದು ಮಾತಿಗೆ ಅಣ್ಣನ್ನ ತಿಂದೆ," ಅಂದ. "ಇನ್ನೊಂದು ಮಾತಿಗೆ ಮಗನ್ನೂ ತಿನ್ಲ?"

ಬೇರೆಯವರಾದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇಷ್ಟು ವರ್ಷ ಎಲ್ಲರೂ ಸುಮ್ಮನಾದದ್ದು ಅಲ್ಲಿಯೇ. ಆದರೆ ಯಾರು ಯಾರಿಗೆ ಏನು ಹೇಳಿದರು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ, ಬಾಯಿಯಿಂದ ಪ್ರಶ್ನೆ ತಾನಾಗಿ ಬಂತು.

"ಎಂತ ಮಾತು ಅದು ಅಪ್ಪ? ನೀನು ಎಂತ ಅಂತ ಕೂಗ್ದೆ?"

ಅಪ್ಪ ನನ್ನನ್ನು ನೋಡಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ನಿಜವಾಗಿ ಕಾಲ್ ಬುಕ್ ಮಾಡಿದವನು ನಂಬರನ್ನು ಥಟ್ಟನೆ ಹೇಳುತ್ತಾನೆ, ಸುಳ್ಳು ಹೇಳುವವನು ಹುಡುಕುತ್ತಾನೆ. ಅಪ್ಪ ಹುಡುಕುತ್ತಿದ್ದ. ಹುಟ್ಟು ಹಾಕುವವನು ಕೂರುವುದು ದೋಣಿಯ ಹಿಂಬದಿಗೆ ಮುಖಮಾಡಿ, ಚುಕ್ಕಾಣಿಯವನು ಮುಂದಕ್ಕೆ. ಅಂದರೆ ಅವತ್ತು ಸಮುದ್ರದ ಕಡೆ ನೋಡುತ್ತಿದ್ದವನು ಅಪ್ಪ ಒಬ್ಬನೇ. ತೆರೆ ಏಳುವುದನ್ನು ಕಂಡು ಕೂಗಿದ್ದರೆ ಆ ಕೂಗಿನಿಂದ ದೊಡ್ಡಪ್ಪ ಉಳಿಯಬೇಕಿತ್ತು, ಸಾಯುವುದು ಹೇಗೆ? ಇಷ್ಟು ಸರಳವಾದದ್ದು ನನಗೂ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ನಾನು ಇನ್ನೊಮ್ಮೆ ಕೇಳಿದೆ. ಆಚೆ ಮೀನು ಹರವುತ್ತಿದ್ದ ಕೈಗಳು ನಿಂತವು.

"ಕೂಗ್ಲಿಲ್ಲ," ಅಂದ ಅಪ್ಪ.

ನನ್ನ ಕೈಯಿಂದ ಹಗ್ಗ ಜಾರಿತು.

"ಹಿಂದಿನ ದಿನ ಬಲೆ ಹರ್ಕಂಡು ಬಂದೆ ಅಂತ ಅಣ್ಣ ಎಲ್ಲರ ಎದುರಿಗೆ ಕೆನ್ನೆಗೆ ಹೊಡ್ದಿದ್ದ. ನಾನು ಅವನ ಕೂಡೆ ಮಾತು ಬಿಟ್ಟಿದ್ದೆ. ಅವನ ಬೆನ್ನ ಹಿಂದೆ ತೆರೆ ಎದ್ದದ್ದು ನಂಗೆ ಕಂಡ್ತು. ನಾನೇ ಎಂತಕ್ಕೆ ಮೊದಲು ಮಾತಾಡೂದು ಅಂತ ಸುಮ್ನಿದ್ದೆ. ಒಂದು ಉಸಿರು. ಆಮೇಲೆ ಕೂಗೂಕೆ ಬಾಯಿ ತೆಗೆದೆ, ನೀರು ಬಂತು."

ಉಳಿದದ್ದನ್ನು ಅವನು ಮರಳಿಗೆ ಹೇಳುವಂತೆ ಹೇಳಿದ. ದಡಕ್ಕೆ ಬಿದ್ದಾಗ ಅವನ ತಾಯಿ, ನಮ್ಮ ಅಜ್ಜಿ, ಓಡಿ ಬಂದು, ನೀನು ಹೇಳಲಿಲ್ಲವೇನೋ ಅವನಿಗೆ ಎಂದು ಎದೆ ಎದೆ ಬಡಿದುಕೊಂಡಳಂತೆ. ಹೇಳಿದೆ, ಕೂಗಿದೆ, ಅವನು ತಿರುಗಿ ನೋಡಿದ ಎಂದನಂತೆ. ಆಗ ಯಾರೋ, ಹಾಗಾದರೆ ತಿರುಗಿ ನೋಡಿದ್ದಕ್ಕೇ ಚುಕ್ಕಾಣಿ ತಪ್ಪಿತು ಎಂದರು. ಕೂಗಿದವನೇ ಕೊಂದ ಎಂದಾಯಿತು. ಅಪ್ಪ ಅದನ್ನು ತಿದ್ದಲಿಲ್ಲ. ಕಂಡೂ ಸುಮ್ಮನಿದ್ದವನು ಎನ್ನಿಸಿಕೊಳ್ಳುವುದಕ್ಕಿಂತ ಕೂಗಿ ಕೊಂದವನು ಎನ್ನಿಸಿಕೊಳ್ಳುವುದೇ ಅವನಿಗೆ ಹಗುರವಾಗಿತ್ತು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಒಂದು ಸುಳ್ಳಿಗೆ ಇಡೀ ಟೊಂಕ ಇಪ್ಪತ್ತೆರಡು ವರ್ಷ ಬಾಯಿ ಹೊಲಿದುಕೊಂಡು ತಿರುಗಿತಲ್ಲ, ನಿನ್ನ ಸುಳ್ಳು ಉಳಿಯಲೆಂದು ಒಂಬತ್ತು ವರ್ಷದವನ ತುಟಿ ಸೀಳಿದೆಯಲ್ಲ, ಇನ್ನು ಹನ್ನೊಂದು ದಿನದಲ್ಲಿ ಅವನ ಬದುಕು ನೀರುಪಾಲಾಗುವುದೂ ಅದಕ್ಕೇ ಅಲ್ಲವೇ ಎಂದೆ. ನಾಚಿಕೆಯಿಲ್ಲವೇ ಎಂದೂ ಕೇಳಿದೆ. ಅಪ್ಪನಿಗೆ ಅಂಥ ಮಾತು ಅನ್ನಬಾರದಿತ್ತು ಎಂದು ಆಮೇಲೆ ಹಲವರು ಹೇಳಿದರು. ನನಗೆ ಹಾಗೆ ಅನಿಸಿಲ್ಲ. ಸೋಮ ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದು ನಿಂತಿದ್ದ.

ದೊಡ್ಡಮ್ಮ ಎದ್ದು ಬಂದಳು. ಕೈಯ ಮರಳನ್ನು ಸೀರೆಗೆ ಒರೆಸಿಕೊಂಡು ಅಪ್ಪನ ಎದುರು ನಿಂತಳು. ನಾನು ಅಭ್ಯಾಸಬಲದಿಂದ, ಅವನಿಗೆ ಏನು ಹೇಳಬೇಕು ಎಂದು ಕೇಳಲು ಹೊರಟೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಜಟ್ಟ," ಅಂದಳು. "ನೀ ಕೂಗಿ ಕೊಂದೆ ಅಂತ ಇಪ್ಪತ್ತೆರಡು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕಂಡೆ. ಈಗ ಆ ಸಿಟ್ಟು ಎಲ್ಲಿ ಇಡ್ಲಿ? ಹೇಳು."

ಅಪ್ಪ, ಅತ್ತಿಗೆ ಎಂದ. ದೊಡ್ಡಮ್ಮ ಅತ್ತಾಳು ಎಂದುಕೊಂಡೆ, ಅಳಲಿಲ್ಲ. ಸೋಮನ ಕಂಕುಳಲ್ಲಿದ್ದ ರಟ್ಟಿನ ಟೋಪಿಯನ್ನು ಎಳೆದು ಅವನ ಕೈಗೆ ಕೊಟ್ಟಳು. ನಾನು ಅಂಗಳದಲ್ಲಿ ಮಾಡಿಸುತ್ತಿದ್ದದ್ದನ್ನೆಲ್ಲ ಅವಳು ಮೀನು ಹೆಚ್ಚುತ್ತಲೇ ಕೇಳಿಸಿಕೊಂಡಿದ್ದಳು ಎಂದು ಆಗ ಗೊತ್ತಾಯಿತು.

"ಇವನ್ನ ಕರ್ಕಂಡು ಹೋಗು," ಅಂದಳು ಅಪ್ಪನಿಗೆ. "ಹೊರಗೆ ಹೋಗಿ ತಿರುಗಿ ಬಾ. ಒಂದೊಂದು ತೆರೆಗೂ ಕೂಗು. ನಾ ಇಲ್ಲೇ ನಿಂತು ಕೇಳ್ತೆ."

ಅಪ್ಪ ಹೋದ. ಒಪ್ಪಿ ಹೋದನೋ, ಅವಳ ಎದುರು ನಿಲ್ಲಲಾರದೆ ಹೋದನೋ, ನಾನು ಕೇಳಲಿಲ್ಲ. ದಿಬ್ಬದ ಹೊರಗೆ ದೋಣಿ ತಿರುಗಿತು. ಸೋಮ ಚುಕ್ಕಾಣಿ ಹಿಡಿದು ಟೋಪಿ ಹಾಕಿಕೊಂಡದ್ದು ದಂಡೆಯಿಂದ ಕಪ್ಪಾಗಿ ಕಂಡಿತು. ಅವನಿಗೆ ಕಾಣುತ್ತಿದ್ದದ್ದು ತೊಡೆಯ ಮೇಲಿನ ದಿಕ್ಸೂಚಿ, ಮಣಿಕಟ್ಟಿನ ಗಡಿಯಾರ ಎರಡೇ. ಅಪ್ಪ ಸಮುದ್ರದ ಕಡೆ ಮುಖಮಾಡಿ ಹುಟ್ಟು ಹಾಕುತ್ತಿದ್ದ. ಅವತ್ತು ತೆರೆ ದೊಡ್ಡದಿರಲಿಲ್ಲ. ಆದರೂ ಈ ಹಟಕ್ಕೆ ಬಿದ್ದು ಇಬ್ಬರನ್ನೂ ನೀರಿಗೆ ಕಳಿಸಿದವಳು ನಾನೇ ಅಲ್ಲವೇ ಎನಿಸಿತು.

ಮೊದಲ ಸಲ ಅವರು ಇಬ್ಬರೂ ಮೂಕರಂತೆಯೇ ಒಳಗೆ ಬಂದರು. ದೊಡ್ಡಮ್ಮ ಕೈಬೀಸಿ ಮತ್ತೆ ಹೊರಕ್ಕೆ ಕಳಿಸಿದಳು. ಎರಡನೇ ಸಲ ಅಪ್ಪನ ಧ್ವನಿ ಬಂತು, ಮೊದಲು ಒಡಕಾಗಿ, ಆಮೇಲೆ ಗಂಟಲು ಹರಿಯುವಂತೆ. ಒಂದು ಬಂತು, ಚಿಕ್ಕದು. ಇನ್ನೊಂದು ಬಂತು, ದೊಡ್ಡದು, ನೇರ ಹಿಡಿ. ಸೋಮನಿಂದ ಉತ್ತರವಿಲ್ಲ. ದಂಡೆಯಲ್ಲಿ ಹತ್ತಾರು ಜನ ಸೇರಿ ಜಟ್ಟನಿಗೆ ತಲೆ ಕೆಟ್ಟಿದೆ ಎಂದು ಬೈಯತೊಡಗಿದ್ದರು. ನಾನು ಅವರಿಗೂ ನಾಲ್ಕು ಮಾತು ಅಂದೆ. ಮೂರನೇ ಸಲ ದಿಬ್ಬದ ಮೇಲೆ ದೋಣಿ ಏಳುವಾಗ ಅಪ್ಪ ತೆರೆಯನ್ನು ಬಿಟ್ಟು ಮಗನನ್ನೇ ಕೂಗಿದ. ಎಲ್ಲಿದ್ದೀಯೋ ಸೋಮ, ಬಾಯಿ ಬಿಟ್ಟು ಹೇಳೋ, ನಾ ಹೊಡೆಯೂದಿಲ್ಲ ಎಂದ.

ದೋಣಿ ತೆರೆಯ ಮೇಲಿಂದ ಕೆಳಗಿಳಿಯಿತು. ಆಗ ಸೋಮನ ಧ್ವನಿ ಕೇಳಿತು. ತೆಳ್ಳಗಿತ್ತು, ಒಂಬತ್ತು ವರ್ಷದವನದೇ ಧ್ವನಿಯೇನೋ ಎಂಬಷ್ಟು. ದಿಬ್ಬದ ಮೇಲಿದ್ದೇನೆ ಅಪ್ಪ, ಮುಖ ಪೂರ್ವಕ್ಕೆ, ಇನ್ನು ಒಂದು ನಿಮಿಷ ಎಂದ. ಅಪ್ಪ ಅದನ್ನು ತಿರುಗಿ ಹೇಳಿದ, ಒಂದು ಅಕ್ಷರ ಬಿಡದೆ.

ಆಮೇಲಿನ ನಾಲ್ಕು ದಿನವೂ ಅವರು ಬೆಳಿಗ್ಗೆ ಅದನ್ನೇ ಮಾಡಿದರು. ಹತ್ತೊಂಬತ್ತನೇ ದಿನ ಸೋಮ ಎರಡೂ ಅಪ್ರೋಚ್ ಮಾಡಿ ಪಾಸಾದ. ಟವರಿನವನು, ಸ್ವಲ್ಪ ಮೆಲ್ಲಗೆ ಹೇಳಿ, ನಮಗೆ ಕಿವಿ ಕೇಳುತ್ತದೆ ಎಂದನಂತೆ. ಇದನ್ನು ಈಗಲೇ ಹೇಳಿ ಮುಗಿಸುತ್ತಿದ್ದೇನೆ, ಯಾಕೆಂದರೆ ಆ ಪಾಸಾದ ಸಂತೋಷ ನೆನೆದಾಗಲೆಲ್ಲ ನನಗೆ ಆ ಬೆಳಗಿನ ದಂಡೆಯೇ ಎದುರಿಗೆ ಬರುತ್ತದೆ. ಸೋಮನ ಧ್ವನಿ ಕೇಳಿ ನಾನು ಕುಣಿಯುವುದೊಂದು ಬಾಕಿ. ದೊಡ್ಡಮ್ಮನನ್ನು ತಬ್ಬಿಕೊಳ್ಳಲು ತಿರುಗಿದೆ.

ಅವಳು ಸೋಮನನ್ನು ನೋಡುತ್ತಿರಲೇ ಇಲ್ಲ. ಬೆಳಗಿನ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು, ಅಲ್ಲಿಯ ಮಾತು ನಮ್ಮ ಕಡೆ ಬರಬಾರದಿತ್ತು. ಆದರೂ ಅಪ್ಪನ ಒಂದೊಂದು ಕೂಗೂ, ತೆರೆಯ ಸದ್ದನ್ನು ದಾಟಿ, ಗಾಳಿಗೆ ಎದುರಾಗಿ, ನಾವು ನಿಂತಲ್ಲಿಗೆ ಸ್ಪಷ್ಟವಾಗಿ ಬರುತ್ತಿತ್ತು. ದೊಡ್ಡಮ್ಮ ಅದನ್ನೇ ಕೇಳುತ್ತಿದ್ದಳು. ಅವಳ ಮುಖದಲ್ಲಿ ನಾನು ಅಂಥ ಸಿಟ್ಟನ್ನು ಆವರೆಗೆ ನೋಡಿರಲಿಲ್ಲ.

"ಇಲ್ಲೀವರೆಗೂ ಕೇಳ್ತದೆ ಗಂಗೆ," ಅಂದಳು. "ಅವತ್ತು ನಿನ್ನ ದೊಡ್ಡಪ್ಪ ಕೂತದ್ದು ಒಂದು ಮಾರು ದೂರ."